ಬಾಗಿಲ ಹಿಂದಿನ ಬ್ಯಾಟು

ಮಂಗಳೂರಿನ ಒಬ್ಬ ತಾಯಿ ನಾಲ್ಕು ಪುಟ ಬರೆದಿದ್ದಾರೆ. ಮೂರೂವರೆ ಪುಟ ಮಾವನ ಮೇಲಿನ ದೂರು. ನನ್ನ ನಿದ್ದೆ ಕೆಡಿಸಿದ್ದು ಉಳಿದ ಅರ್ಧ ಪುಟ.

ವಿಷಯ ಇಷ್ಟು. ದೊಡ್ಡವನಿಗೆ 16, ಎಸ್ಸೆಸ್ಸೆಲ್ಸಿ ಮುಗಿಸಿದ್ದ. ಚಿಕ್ಕವನಿಗೆ 13. ರಜೆಗೆ ಇಬ್ಬರನ್ನೂ ಹೆಬ್ರಿ ಕಡೆಯ ಅಜ್ಜನ ತೋಟಕ್ಕೆ ಕಳಿಸಿದರು. ಅಲ್ಲಿ ಬೆಳಿಗ್ಗೆ ಐದಕ್ಕೆ ತಣ್ಣೀರು ಸ್ನಾನ, ಎರಡು ಹೊತ್ತು ಸಂಧ್ಯಾವಂದನೆ, ರಾತ್ರಿ ವಿಷ್ಣು ಸಹಸ್ರನಾಮ ಆದ ಮೇಲೇ ಊಟ. ಮೊಬೈಲು ಕಪಾಟಿನಲ್ಲಿ. ಏಕಾದಶಿ ದಿನ ನೀರೂ ಇಲ್ಲ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತಾರಲ್ವಾ, ಅದರ ಹಿಂದಿನ ದಿನವೇ ಏಕಾದಶಿ ಬಿತ್ತು. ಪಕ್ಕದ ಬೈಲಿನಲ್ಲಿ ಆ ವರ್ಷದ ಕೊನೆಯ ಆಟ. ಚೆಂಡೆ ಕೇಳಿ ದೊಡ್ಡವನು ಮೆಲ್ಲಗೆ ಎದ್ದು ಹೋದ. ಆಟ ನೋಡಿದ, ಚರುಂಬುರಿ ತಿಂದ, ಬಂದು ಮಲಗಿದ. ಬೆಳಗಾಗುವಾಗ ಅಜ್ಜನಿಗೆ ಎಲ್ಲ ಗೊತ್ತಾಗಿತ್ತು. ಕೂರಿಸಿ 1008 ಗಾಯತ್ರಿ ಮಾಡಿಸಿದರು. ಕಾಲೇಜು ಶುರುವಾಗಿ ತಿಂಗಳಾಯಿತು, ಅಣ್ಣ ತಮ್ಮನ ಹತ್ತಿರ ಮಾತಾಡುತ್ತಿಲ್ಲ. "ಮಾವನ ಮಡಿ ನನ್ನ ಮಕ್ಕಳನ್ನು ದೂರ ಮಾಡಿತು. ಮುಂದಿನ ವರ್ಷ ಕಳಿಸಬೇಕಾ, ಬೇಡವಾ?" ಅಂತ ಪ್ರಶ್ನೆ.

ಅಮ್ಮಾ, ಮಾವನನ್ನು ಬಿಡಿ. ಮೂರನೇ ಪುಟದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಬೆಂಗಳೂರಿನಿಂದ ಬಂದಿದ್ದ ನಿಮ್ಮ ಮೈದುನ "ತಮಾಷೆಗೆ" ಚಿಕ್ಕವನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಅಣ್ಣನ ತಪ್ಪು ಬರೆದಿಡು, ಬ್ಯಾಟ್ ಕೊಡಿಸ್ತೇನೆ ಅಂದನಂತೆ.

ತಮಾಷೆ ಎಂಥದು ಮಾರಾಯ್ರೆ!

ಆ ಪುಸ್ತಕದ ಎರಡು ಸಾಲು ನೀವೇ ಕಳಿಸಿದ್ದೀರಿ. "ರಾತ್ರಿ 10.20. ಅಣ್ಣ ಕೊಟ್ಟಿಗೆ ಹಿಂದಿನಿಂದ ಹೋದ. ಚಪ್ಪಲಿ ಕೈಯಲ್ಲಿ." ಇನ್ನೊಂದು, "ಇವತ್ತು ನನ್ನ ಪಾಲಿನ ನೀರಿನ ಪೈಪೂ ಅಣ್ಣನೇ ಎಳೆದ." ಎರಡನೆಯದಕ್ಕೆ ಗೀಟು ಹೊಡೆದಿದ್ದಾನೆ. ಯಾಕೆ ಹೊಡೆದ ಅಂತ ಯೋಚಿಸಿದಿರಾ? ಅದಕ್ಕೆ ಬ್ಯಾಟ್ ಸಿಗುವುದಿಲ್ಲವಲ್ಲ.

ಶಿಸ್ತಿನಿಂದ ಮಕ್ಕಳು ಕೆಡುವುದಿಲ್ಲ ಅಂತ ಬರೆದು ಬರೆದು ನಾನು ಬೈಸಿಕೊಂಡದ್ದು ಸಾಕಷ್ಟಿದೆ. ಮತ್ತೆ ಬರೆಯುತ್ತೇನೆ. ನಿಯಮ ಹಾಕಿದವರೂ ಪಾಲಿಸಬೇಕು, ಅಷ್ಟೆ. ನಿಮ್ಮ ಮಾವನಿಗೆ 78. ಏಕಾದಶಿ ಉಪವಾಸ ಎಂಟರಿಂದ ಎಂಬತ್ತರವರೆಗೆ ಅನ್ನುತ್ತದೆ ಶಾಸ್ತ್ರ. ಇನ್ನೆರಡು ವರ್ಷ ಕಳೆದರೆ ಅವರಿಗೆ ರಿಯಾಯಿತಿ, ಅವರು ತಗೊಳ್ಳುವವರಲ್ಲ ಅನ್ನಿ. ದೊಡ್ಡವನು ಕೂಡ "ಅಜ್ಜ ಬೈದದ್ದು ಸರಿ" ಅಂದಿದ್ದಾನೆ. ಹಾಗಂತ ಮೇ ತಿಂಗಳ ಸೆಕೆಯಲ್ಲಿ ತೋಟಕ್ಕೆ ನೀರು ಬಿಡುವ ಹುಡುಗರು ಬಾಯಿ ಒಣಗಿಸಿಕೊಂಡಿರಬೇಕು ಅಂದರೆ ನಾನೂ ಒಪ್ಪುವುದಿಲ್ಲ. ಆ ಬಗ್ಗೆ ಮಾವನ ಹತ್ತಿರ ಧೈರ್ಯವಾಗಿ ಜಗಳ ಮಾಡಿ. ನಮ್ಮ ಅಜ್ಜಿ ಏಕಾದಶಿಗೆ ಮಕ್ಕಳ ಮುಂದೆ ಅವಲಕ್ಕಿ ಮೊಸರು ಇಟ್ಟು, "ತಿನ್ನಿ, ಕೃಷ್ಣನೂ ಅವಲಕ್ಕಿ ತಿಂದವನೇ" ಅನ್ನುತ್ತಿದ್ದರು. ಇನ್ನು 16ರ ಹುಡುಗ ಚೆಂಡೆ ಕೇಳಿಯೂ ಮಗ್ಗುಲು ಬದಲಿಸಿ ಮಲಗಿದ್ದರೆ ನನಗೆ ಜಾಸ್ತಿ ಚಿಂತೆ ಆಗುತ್ತಿತ್ತು.

ಮುಂದಿನ ವರ್ಷ ಕಳಿಸಿ. ಇಬ್ಬರನ್ನೂ.

ಬ್ಯಾಟ್ ಕೊರಿಯರಿನಲ್ಲಿ ಬಂತು, ಬಾಗಿಲ ಹಿಂದೆ ಹಾಗೇ ಇದೆ, ಕೇಳಿದರೆ ಚಿಕ್ಕವನು "ಭಾರ ಜಾಸ್ತಿ" ಅನ್ನುತ್ತಾನೆ ಅಂತ ಬರೆದಿದ್ದೀರಿ. ಬಾಲ್ ಹಾಕುವವನು ಮಾತು ಬಿಟ್ಟಿದ್ದಾನೆ, ಇನ್ನೇನು ಹೇಳಿಯಾನು?

ಚಿಕ್ಕವನಿಂದ "ಸಾರಿ" ಹೇಳಿಸಲು ಹೋಗಬೇಡಿ. ನೀವು ಮಾಡಬೇಕಾದದ್ದು ಒಂದೇ. ಮೈದುನನನ್ನು ಬರಹೇಳಿ. ಫೋನಿನಲ್ಲಿ ಆಗುವ ಕೆಲಸ ಅಲ್ಲ ಇದು. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಶನಿವಾರ ಕಾಫಿ ಹೊತ್ತಿಗೆ ನಿಮ್ಮ ಮನೆಯಲ್ಲಿರುತ್ತಾನೆ. ಇಬ್ಬರೂ ಹುಡುಗರ ಎದುರು ಕೂತು ದೊಡ್ಡವನಿಗೆ ಹೇಳಲಿ, "ಬರೆಸಿದವನು ನಾನು, ತಪ್ಪು ನನ್ನದು" ಅಂತ. ಆಗ ನೀವು ಅಡುಗೆಮನೆಯಲ್ಲಿರಿ.

"ಮಕ್ಕಳ ವಿಷಯ ಅತ್ತಿಗೆ, ಇಷ್ಟು ದೊಡ್ಡದು ಮಾಡ್ಬೇಕಾ?" ಅಂದರೆ, ಗೀಟು ಹೊಡೆದ ಆ ಸಾಲನ್ನು ಓದಿ ಹೇಳಿ. ಬ್ಯಾಟ್ ವಾಪಸ್ ಒಯ್ಯಬೇಕಾ ಅಂತ ಕೇಳಿದರೆ, ಅದನ್ನು ದೊಡ್ಡವನೇ ಹೇಳಲಿ.