ಓದುಗರ ಪ್ರಶ್ನೆ: ಗಡಿಯಾರ ಹಿಡಿದು ಸೂರ್ಯೋದಯ

ಪ್ರಶ್ನೆ: ದಿನಾ ಟೆರೇಸಿನಿಂದ ಸೂರ್ಯೋದಯ ನೋಡುತ್ತೇನೆ. ಆ್ಯಪ್ ತೋರಿಸುವುದಕ್ಕಿಂತ ಪಂಚಾಂಗದ ಸಮಯ ಮೂರು ನಿಮಿಷ ತಡ. ತೆಂಗಿನತೋಟದ ಮೇಲೆ ಸೂರ್ಯ ಕಾಣುವುದು ಅದಕ್ಕೂ ಆರು ನಿಮಿಷ ತಡ. ಯಾವುದು ಸರಿ? ನಿಮಿಷ ಎಣಿಸುತ್ತಾ ಕೂತರೆ ನೋಡುವ ಖುಷಿ ಎಲ್ಲಿ ಅಂತ ಮನೆಯವರ ತಕರಾರು ಬೇರೆ.
— ಓದುಗರು, ತುಮಕೂರು

ಉತ್ತರ: ಮೂರೂ ಸರಿ. ಬಿಂಬದ ಮೇಲಂಚು ಬಯಲಿನ ದಿಗಂತದಲ್ಲಿ ಕಾಣುವ ಹೊತ್ತು ಆ್ಯಪ್‌ನದ್ದು. ಅನೇಕ ಪಂಚಾಂಗಗಳು ಬಿಂಬದ ನಡುಭಾಗವನ್ನು ಹಿಡಿದು, ಗಾಳಿ ಬೆಳಕನ್ನು ಬಾಗಿಸುವುದನ್ನು ಬಿಟ್ಟು ಲೆಕ್ಕ ಹಾಕುತ್ತವೆ. ಮೂರು ನಿಮಿಷ ಹೋಗುವುದು ಅಲ್ಲಿ. (ಪಂಚಾಂಗ ಯಾವ ಊರಿನದು ಅಂತಲೂ ನೋಡಿ, ರೇಖಾಂಶ ಒಂದು ಡಿಗ್ರಿಗೆ ನಾಲ್ಕು ನಿಮಿಷ, ಬೆಂಗಳೂರಿಗೂ ಮಂಗಳೂರಿಗೂ ಹನ್ನೊಂದು.) ಉಳಿದದ್ದು ತೆಂಗಿನತೋಟದ ಪಾಲು. ಕೈ ಪೂರ್ತಿ ಚಾಚಿ ಕಿರುಬೆರಳನ್ನು ಅಡ್ಡ ಹಿಡಿದರೆ ಅದರ ದಪ್ಪ ಸುಮಾರು ಒಂದು ಡಿಗ್ರಿ. ಮರಗಳ ತುದಿ ಬಯಲಿನ ಮಟ್ಟದಿಂದ ಒಂದು ಬೆರಳು ಮೇಲಿದ್ದರೆ ಆ್ಯಪ್ ಸಮಯಕ್ಕಿಂತ ನಾಲ್ಕೈದು ನಿಮಿಷ ತಡ, ಎರಡು ಬೆರಳಿಗೆ ಒಂಬತ್ತು. ನಿಮ್ಮ ತೋಟ ಎರಡು ಬೆರಳಿನದ್ದೇ ಇರಬೇಕು.

ಇನ್ನು ಖುಷಿಯ ವಿಷಯ. ಗಾಳಿ ದಿಗಂತದ ಬೆಳಕನ್ನು 34 ಕಲೆಯಷ್ಟು ಮೇಲಕ್ಕೆತ್ತಿ ತೋರಿಸುತ್ತದೆ (60 ಕಲೆಗೆ ಒಂದು ಡಿಗ್ರಿ). ಸೂರ್ಯಬಿಂಬದ ಅಗಲ 32 ಕಲೆ. ಅಂದರೆ ಬಯಲಿನಲ್ಲಿ ನಿಂತವರಿಗೆ ಕೆಂಪು ಬಿಂಬ ಪೂರ್ತಿ ಮೇಲೆ ಬಂದು ನೆಲ ತಾಕಿ ಕೂತಂತೆ ಕಂಡ ಕ್ಷಣದಲ್ಲಿ, ನೇರ ಗೆರೆ ಎಳೆದರೆ ಸೂರ್ಯ ಇನ್ನೂ ಹುಟ್ಟೇ ಇಲ್ಲ! ಬಿಂಬದ ಬುಡ 34 ಕಲೆ ಏರಿದರೆ ತಲೆ ಏರುವುದು 29ರಷ್ಟೇ. ಅದಕ್ಕೇ ಅದು ಅದುಮಿದ ಹಾಗೆ ಚಪ್ಪಟೆ. ಲೆಕ್ಕ ಗೊತ್ತಿಲ್ಲದೆ ಈ ಬೆರಗು ಸಿಗುವುದಿಲ್ಲ ಅಂತ ಮನೆಯವರಿಗೆ ಹೇಳಿ.

ಆದರೆ ಗಡಿಯಾರದ ಕೆಲಸ ಮೊದಲ ಕಿಡಿ ಕಾಣುವವರೆಗೆ ಮಾತ್ರ. ಆಮೇಲೆ ಬಿಂಬ ಪೂರ್ತಿ ಮೇಲೇರಲು ನಮ್ಮ ಕಡೆ ಎರಡೂಕಾಲು ನಿಮಿಷ ಸಾಕು. ಫೋನ್ ನೋಡುತ್ತಿದ್ದರೆ ಅಷ್ಟೂ ಹೋಯಿತು. ಅರ್ಧ ಗಂಟೆ ಮೊದಲೇ ಮೇಲೆ ಹೋಗಿ. ಹದಿನೈದು ನಿಮಿಷ ಬಾಕಿ ಇರುವಾಗ ಪಶ್ಚಿಮಕ್ಕೆ ತಿರುಗಿ: ಕೆಳಗೆ ಬೂದುನೀಲಿ ಪಟ್ಟಿ, ಮೇಲೆ ನಸುಗೆಂಪು. ಆ ನೀಲಿ ಭೂಮಿಯದೇ ನೆರಳು, ಇಳಿಯುತ್ತಾ ಹೋಗುತ್ತದೆ. ಎಲ್ಲರೂ ಪೂರ್ವಕ್ಕೇ ಕಣ್ಣು ನೆಟ್ಟು ಇದನ್ನು ತಪ್ಪಿಸಿಕೊಳ್ಳುತ್ತಾರೆ. ಬಿಂಬ ಹಳದಿಗೆ ತಿರುಗಿ ಕಣ್ಣು ಕಿರಿದಾಯಿತೋ, ನೋಟ ತೆಗೆಯಿರಿ. ಬೈನಾಕ್ಯುಲರ್ ಬೇಡವೇ ಬೇಡ.

ಪ್ರಶ್ನೆ: ಸಂಕ್ರಾಂತಿ ಕಳೆದರೂ ಬೆಳಗಾಗುವುದು ತಡವೇ ಆಗುತ್ತಿದೆಯಲ್ಲ?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಗಮನ ಸರಿಯಾಗಿಯೇ ಇದೆ. ಅತಿ ಚಿಕ್ಕ ಹಗಲು ಡಿಸೆಂಬರ್ 21–22ಕ್ಕೆ ಮುಗಿದರೂ, ಬೆಂಗಳೂರಿನಲ್ಲಿ ಅತಿ ತಡದ ಸೂರ್ಯೋದಯ ಜನವರಿ ಕೊನೆಯ ಭಾಗದಲ್ಲಿ, 6.46ರ ಆಸುಪಾಸು. ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ನಡುಮಧ್ಯಾಹ್ನವೇ (ಸೂರ್ಯ ಅತಿ ಎತ್ತರದಲ್ಲಿರುವ ಹೊತ್ತು) ದಿನಕ್ಕೆ ಇಪ್ಪತ್ತು–ಮೂವತ್ತು ಸೆಕೆಂಡ್ ಮುಂದಕ್ಕೆ ಜಾರುತ್ತಿರುತ್ತದೆ; ನಮ್ಮ ಅಕ್ಷಾಂಶದಲ್ಲಿ ಹಗಲು ಬೆಳೆಯುವ ನಿಧಾನಗತಿ ಅದನ್ನು ಸರಿದೂಗಿಸುವುದಿಲ್ಲ.

ಉತ್ತರಾಯಣ ಕಣ್ಣಾರೆ ಕಾಣಬೇಕಾದರೆ ದಿಕ್ಕು ಹಿಡಿಯಿರಿ. ಎದುರಿನ ಕಟ್ಟಡ, ನೀರಿನ ಟ್ಯಾಂಕುಗಳ ಸಾಲನ್ನು ಪುಸ್ತಕದಲ್ಲಿ ಬರೆದುಕೊಂಡು, ಪ್ರತಿ ಭಾನುವಾರ ಒಂದೇ ಜಾಗದಲ್ಲಿ ನಿಂತು ಸೂರ್ಯ ಮೂಡಿದ ಕಡೆ ಗುರುತು ಹಾಕಿ. ಡಿಸೆಂಬರ್ ಕೊನೆಯಲ್ಲಿ ಗುರುತು ಅಲುಗುವುದೇ ಇಲ್ಲ. ಮಾರ್ಚ್‌ನಲ್ಲಿ ವಾರಕ್ಕೆ ಮೂರು ಕಿರುಬೆರಳು ಉತ್ತರಕ್ಕೆ ಸರಿಯುತ್ತದೆ. ಜೂನ್ ಹೊತ್ತಿಗೆ ಚಾಚಿದ ಕೈಯ ಐದು ಮುಷ್ಟಿಯಷ್ಟು ದೂರ ಬಂದಿರುತ್ತದೆ.