ಸೋಮವಾರದಿಂದ ಅನ್ನ ಬಂದ್ ಮಾಡುವ ಮೊದಲು ಅಜ್ಜನ ಮಾತ್ರೆ ನೋಡಿ

ಮನೆಮಂದಿಯೆಲ್ಲ ಸೇರಿ ಊಟ, ದಿನಚರಿ ಬದಲಿಸುತ್ತೇವೆ ಅನ್ನುವ ಪತ್ರಗಳು ಈಗ ಜಾಸ್ತಿ ಬರುತ್ತಿವೆ. ಉದ್ದೇಶ ಒಳ್ಳೆಯದೇ. ಆದರೆ ಹೆಚ್ಚಿನ ಪತ್ರಗಳಲ್ಲಿ ಒಂದೇ ವಿಷಯ ಬಿಟ್ಟುಹೋಗಿರುತ್ತದೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೇ ಹೆಚ್ಚು ಜಾಗ. ನಡೆಯಬೇಕು, ತರಕಾರಿ ತಿನ್ನಬೇಕು, ಸಿಗರೇಟ್ ಬಿಡಬೇಕು ಎಂಬುದನ್ನೆಲ್ಲ ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನಮ್ಮದು ಸುರತ್ಕಲ್. ಗಂಡನಿಗೆ ಫ್ಯಾಟಿ ಲಿವರ್ ಅಂತ ರಿಪೋರ್ಟ್ ಬಂತು. ಮಾವನಿಗೆ 71 ವರ್ಷ, ಶುಗರ್, ಬಿಪಿ ಎರಡೂ ಇದೆ. ಮಕ್ಕಳಿಗೆ 14 ಮತ್ತು 9. ಸೋಮವಾರದಿಂದ ಮನೆಯಲ್ಲಿ ಅನ್ನ, ಸಕ್ಕರೆ, ಎಣ್ಣೆ ಪೂರ್ತಿ ಬಂದ್, ರಾತ್ರಿ ಎಲ್ಲರಿಗೂ ಸೂಪ್ ಮಾತ್ರ ಅಂತ ತೀರ್ಮಾನಿಸಿದ್ದೇವೆ. ಸರಿಯಾ?

ಉತ್ತರ: ಸೋಮವಾರ ಬೇಡ. ಪತ್ರದಲ್ಲಿ ಎಲ್ಲ ಬರೆದಿದ್ದೀರಿ, ಮಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಬಿಟ್ಟು. ನನಗೆ ಮೊದಲು ಬೇಕಾದದ್ದು ಅದೇ.

ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ನೀವು ಊಟ ಮಾಡಿದಿರೋ ಇಲ್ಲವೋ ಎಂದು ಕಾಯುವುದಿಲ್ಲ. ಶುಗರ್ ಇಳಿಸುತ್ತಲೇ ಇರುತ್ತದೆ. ಇನ್ಸುಲಿನ್ ಕೂಡ ಹಾಗೆಯೇ. ಹಿಂದಿನ ದಿನದವರೆಗೆ ರಾತ್ರಿ ಎರಡು ಸೌಟು ಅನ್ನ ಉಣ್ಣುತ್ತಿದ್ದ ಹಿರಿಯರು ಮಾತ್ರೆ ಅಷ್ಟೇ ನುಂಗಿ ಬರೀ ಸೂಪ್ ಕುಡಿದು ಮಲಗಿದರೆ, ನಡುರಾತ್ರಿ ಶುಗರ್ 70ಕ್ಕಿಂತ ಕೆಳಗೆ ಹೋಗಬಹುದು. ಬೆವರು, ನಡುಕ, ತಡಬಡಿಸುವ ಮಾತು. ಮನೆಯವರು ಅದನ್ನು ಸುಸ್ತು ಅಂದುಕೊಳ್ಳುತ್ತಾರೆ. ಎಚ್ಚರ ಇದ್ದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಸಕ್ಕರೆಯನ್ನು ಮನೆಯಿಂದಲೇ ಹೊರಹಾಕುತ್ತೇವೆ ಅನ್ನುವವರು ಇದನ್ನು ನೆನಪಿಡಿ. ಡಾಪಾಗ್ಲಿಫ್ಲೋಜಿನ್ ಗುಂಪಿನ ಶುಗರ್ ಮಾತ್ರೆ ಇದ್ದರೆ ಅನ್ನ ಪೂರ್ತಿ ಬಿಡುವುದರಲ್ಲಿ ಇನ್ನೊಂದು ಅಪಾಯವಿದೆ. ರಕ್ತದಲ್ಲಿ ಆಮ್ಲ ಏರಬಹುದು, ಶುಗರ್ ಅಷ್ಟೇನೂ ಜಾಸ್ತಿ ಇಲ್ಲದಿದ್ದರೂ. ಆದ್ದರಿಂದ ಮಾತ್ರೆ ಚೀಟಿ ಹಿಡಿದು ಮಾವನ ವೈದ್ಯರ ಬಳಿ ಹೋಗಿ, "ಊಟ ಇಷ್ಟು ಕಡಿಮೆ ಮಾಡುತ್ತೇವೆ, ಡೋಸ್ ಏನು ಮಾಡಬೇಕು?" ಎಂದು ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಇನ್ನು ಮಕ್ಕಳು. ಅವರಿಗೆ ಸೂಪ್ ಊಟ ಮಾಡಿಸಬೇಡಿ. ಬೆಳೆಯುವ ವಯಸ್ಸು. ಅನ್ನ, ಮೊಸರು, ಮೊಟ್ಟೆ, ಮೀನು, ಕಾಳು ಎಲ್ಲ ಬೇಕು. ಅವರೆದುರು ತೂಕದ ಮಾತು, ಡಯಟ್ ಎಂಬ ಪದ ಎರಡೂ ಬೇಡ. ದಿನಕ್ಕೆ ಒಂದು ಗಂಟೆ ಮೈ ಬೆವರುವಷ್ಟು ಆಡಲಿ.

ಗಂಡನ ವಿಷಯದಲ್ಲಿ ನೀವು ಅಪರಾಧಿಯನ್ನೇ ತಪ್ಪಾಗಿ ಹಿಡಿದಿದ್ದೀರಿ. ನಮ್ಮ ಕಡೆಯ ಮನೆಗಳಲ್ಲಿ ನಾನು ನೋಡುವ ದೊಡ್ಡ ಸಮಸ್ಯೆ ಸಂಜೆಯದ್ದು. ಐದೂವರೆಗೆ ಚಹಾ, ಜೊತೆಗೆ ಬನ್ಸ್ ಅಥವಾ ಗೋಳಿಬಜೆ, ಇಲ್ಲವಾದರೆ ಬೇಕರಿಯ ಪಫ್ಸ್. ಮೈದಾ, ಎಣ್ಣೆ, ಸಕ್ಕರೆ ಮೂರೂ ಒಂದೇ ತಟ್ಟೆಯಲ್ಲಿ. ಅದರಿಂದ ಹಸಿವು ಮುಂದೆ ಹೋಗಿ ರಾತ್ರಿ ಊಟ ಹತ್ತಕ್ಕೆ, ಉಂಡ ಕೂಡಲೇ ನಿದ್ದೆ. ಮೊದಲ ತಿಂಗಳು ಇದೊಂದನ್ನೇ ಬದಲಿಸಿ. ಸಂಜೆ ಬೇಯಿಸಿದ ಕಡಲೆ ಅಥವಾ ನೆಲಗಡಲೆ, ಎಂಟರ ಒಳಗೆ ಊಟ. ಗಂಡ ಮದ್ಯ ಕುಡಿಯುತ್ತಿದ್ದರೆ ಅದನ್ನು ಪೂರ್ತಿ ಬಿಡಲಿ. ಅದರಲ್ಲಿ ರಾಜಿ ಇಲ್ಲ.

ಎರಡನೇ ತಿಂಗಳು ತಟ್ಟೆ ನೋಡಿ. ಅರ್ಧ ತಟ್ಟೆ ಹರಿವೆ, ಬಸಳೆ, ಅಲಸಂಡೆ, ತೊಂಡೆಕಾಯಿ. ಕಾಲು ಭಾಗ ಮೀನು, ಬೇಳೆ ಅಥವಾ ಹುರುಳಿ. ಉಳಿದ ಕಾಲು ಅನ್ನ. ಬಂಗುಡೆ, ಬೂತಾಯಿಯಂಥ ಒಳ್ಳೆಯ ಮೀನು ಇಷ್ಟು ಹತ್ತಿರ ಸಿಗುವಾಗ ಸಪ್ಲಿಮೆಂಟ್ ಡಬ್ಬಿಗೆ ದುಡ್ಡು ಸುರಿಯುವುದು ನೋಡಿದರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಆದರೆ ದಿನಾ ತವಾ ಫ್ರೈ ಬೇಡ, ಹುಳಿಖಾರದ ಪುಳಿಮುಂಚಿ ಸಾರು ಮಾಡಿ. ಭಾನುವಾರದ ಕೋರಿರೊಟ್ಟಿ ಇರಲಿ.

ಉಪ್ಪು ಮಾವನಿಗಷ್ಟೇ ಕಡಿಮೆ ಮಾಡಬೇಡಿ, ಪಾತ್ರೆಗೇ ಕಡಿಮೆ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರೊಬ್ಬರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದೊಳಗೆ. ಉಪ್ಪಿನ ಮಟ್ಟಿಗೆ ಗಂಜಿಯಿಂದ ತೊಂದರೆ ಇಲ್ಲ. ಅದರ ಬದಿಗೆ ಬರುವ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪಡ್ ಪಚ್ಚಿರ್ (ಉಪ್ಪಿನಲ್ಲಿಟ್ಟ ಹಲಸಿನ ಸೊಳೆ) ಆ ಲೆಕ್ಕವನ್ನು ಒಂದೇ ಹೊತ್ತಿನಲ್ಲಿ ಮುಗಿಸಿಬಿಡುತ್ತವೆ.

ದೊಡ್ಡವರಿಗೆ ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಬೀಚ್, ಪಾರ್ಕ್ ಅಂತ ಕೂತರೆ ನಡಿಗೆ ನಿಂತೇ ಹೋಗುತ್ತದೆ. ಊಟವಾದ ಮೇಲೆ ಜಗಲಿಯಲ್ಲೋ ಫ್ಲ್ಯಾಟಿನ ಕಾರಿಡಾರಿನಲ್ಲೋ ಹತ್ತು ನಿಮಿಷ ನಡೆಯಿರಿ. ಊಟದ ನಂತರ ಏರುವ ಶುಗರ್ ಅದರಿಂದ ತಗ್ಗುತ್ತದೆ.

ಇನ್ನೊಂದು ಮಾತು, ಇದು ನಿಮ್ಮ ಗಂಡನಿಗೆ. ಅಪ್ಪನಿಗೊಂದು, ನಿಮಗೊಂದು, ಮಕ್ಕಳಿಗೊಂದು ಅಡುಗೆ ಅಂತ ಹೆಂಡತಿ ಮೂರು ಸಲ ಒಲೆ ಮುಂದೆ ನಿಲ್ಲಬೇಕಾದರೆ ಈ ಯೋಜನೆ ತಿಂಗಳೂ ಬಾಳುವುದಿಲ್ಲ. ಒಂದೇ ಅಡುಗೆ ಮಾಡಿ, ಅಳತೆ ಮಾತ್ರ ಬೇರೆ ಇರಲಿ. ತರಕಾರಿ ಹೆಚ್ಚುವ ಕೆಲಸ ನಿಮ್ಮದು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಸಾಕು, ವಾರವಾರ ಲ್ಯಾಬಿಗೆ ಓಡಬೇಡಿ.

ಪ್ರಶ್ನೆ: ಕುಚ್ಚಲಕ್ಕಿ ಶುಗರ್‌ಗೆ ಒಳ್ಳೆಯದಲ್ವಾ? ಎಷ್ಟು ತಿಂದರೂ ಆಗುತ್ತಾ?

ಉತ್ತರ: ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಗಿಂತ ವಾಸಿ. ಆದರೆ ಅದೂ ಅಕ್ಕಿಯೇ, ಅಳೆದು ಬಡಿಸಿ.

ಪ್ರಶ್ನೆ: ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ವರ್ಜಿನ್ ತೆಂಗಿನೆಣ್ಣೆ ಕುಡಿದರೆ ಹೊಟ್ಟೆ ಕರಗುತ್ತಾ?

ಉತ್ತರ: ಇಲ್ಲ. ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಪಲ್ಯದ ಒಗ್ಗರಣೆಗಷ್ಟೇ ಬಳಸಿ.

ಪ್ರಶ್ನೆ: ಬಿಂಬುಳಿ ಜ್ಯೂಸ್‌ನಿಂದ ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ಒಬ್ಬ ನಾಟಿ ವೈದ್ಯರು ಹೇಳಿದರು. ಕುಡಿಯಬಹುದಾ?

ಉತ್ತರ: ದಯವಿಟ್ಟು ಕುಡಿಯಬೇಡಿ. ಬಿಂಬುಳಿಯಲ್ಲಿ ಆಕ್ಸಲೇಟ್ ತುಂಬ ಜಾಸ್ತಿ. ರಸ ಹಿಂಡಿ ಕುಡಿದರೆ ಅದು ಕಿಡ್ನಿಯಲ್ಲಿ ಹರಳುಗಟ್ಟಬಹುದು. ಕೇರಳದಲ್ಲಿ ಹೀಗೆ ಕುಡಿದು ಡಯಾಲಿಸಿಸ್‌ವರೆಗೆ ಹೋದವರ ವರದಿಗಳಿವೆ. ಮೀನು ಸಾರಿಗೆ ಎರಡು ಬಿಂಬುಳಿ ಹಾಕುವುದು ಬೇರೆ, ಲೋಟಗಟ್ಟಲೆ ಔಷಧಿ ಅಂತ ಕುಡಿಸುವುದು ಬೇರೆ. ಹೀಗೆ ಕುಡಿಸುವವರಿಗೆ ರೋಗಿಯ ಕಿಡ್ನಿ ಹೇಗಿದೆ ಎಂದು ನೋಡುವ ಗೋಜೇ ಇಲ್ಲ.

ಪ್ರಶ್ನೆ: ಬಿಪಿಗೆ ಪಿಂಕ್ ಸಾಲ್ಟ್ ಒಳ್ಳೆಯದಾ, ಲೋ ಸೋಡಿಯಂ ಉಪ್ಪಾ?

ಉತ್ತರ: ಪಿಂಕ್ ಆದರೂ ಅದು ಉಪ್ಪೇ. ಲೋ ಸೋಡಿಯಂ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಶಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೆ, ಬಿಪಿಗೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವುದು), ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಆ ಪ್ಯಾಕೆಟ್ ಮನೆಗೆ ತರಬೇಡಿ.