ಕಾಫಿ ಗಿಡದ ಮೊದಲ ಚಿತ್ರ ಹೌದು, ಮೊದಲ ಮಾತು ಅಲ್ಲ

ಕಾಫಿಯನ್ನು ಯುರೋಪಿಗೆ ಮೊದಲು ಪರಿಚಯಿಸಿದ್ದು ಇಟಲಿಯ ವೈದ್ಯ, ಸಸ್ಯಶಾಸ್ತ್ರಜ್ಞ ಪ್ರಾಸ್ಪೆರೊ ಆಲ್ಪಿನಿಯೇನಾ ಅಂತ ಕೇಳಿದ್ದೀರಿ. ಪಾನೀಯದ ಬಗ್ಗೆ ಅಂದರೆ ಅಲ್ಲ. ಜರ್ಮನಿಯ ವೈದ್ಯ ರೌವೋಲ್ಫ್ 1582ರಲ್ಲೇ ಅದರ ಬಗ್ಗೆ ಬರೆದಿದ್ದರು. ಆದರೆ ಗಿಡದ ಚಿತ್ರವನ್ನು ಮೊದಲು ಅಚ್ಚು ಹಾಕಿಸಿದ್ದು ಆಲ್ಪಿನಿ, 1592ರಲ್ಲಿ, ಈಜಿಪ್ಟಿನ ಸಸ್ಯಗಳ ಕುರಿತ ತಮ್ಮ ಲ್ಯಾಟಿನ್ ಪುಸ್ತಕದಲ್ಲಿ.

ಅವರು 1580ರಲ್ಲಿ ವೆನಿಸ್‌ನ ಪ್ರತಿನಿಧಿ (ಕಾನ್ಸಲ್) ಒಬ್ಬರ ವೈದ್ಯರಾಗಿ ಈಜಿಪ್ಟಿಗೆ ಹೊರಟವರು. ಕೈರೋದಲ್ಲಿ ಒಬ್ಬ ತುರ್ಕಿಯ ತೋಟದಲ್ಲಿ ಆ ಗಿಡ ಕಂಡರು. ಚಿತ್ರ ಸಿಕ್ಕಿದರೆ ದಯವಿಟ್ಟು ನೋಡಿ. ಬರೀ ಎಲೆ ತುಂಬಿದ ಒಂದು ಕೊಂಬೆ. ಹೂವಿಲ್ಲ, ಹಣ್ಣಿಲ್ಲ. ನಮ್ಮ ಕೊಡಗು, ಚಿಕ್ಕಮಗಳೂರಿನವರಿಗೆ ತೋರಿಸಿದರೆ ಇದು ಕಾಫಿ ಅಂತ ಥಟ್ಟನೆ ಹೇಳೋದು ಕಷ್ಟ!

ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗೋದು ಅವರ ಖರ್ಜೂರದ ಮಾತು. ಗಂಡು ಮರದ ಪರಾಗದ ಧೂಳನ್ನು ಹೆಣ್ಣು ಮರದ ಹೂವಿಗೆ ಉದುರಿಸದಿದ್ದರೆ ಕಾಯಿ ಕಟ್ಟುವುದಿಲ್ಲ ಎಂದು ಬರೆದರು. ಅಲ್ಲಿನ ರೈತರು ಮೊದಲಿಂದ ಮಾಡುತ್ತಿದ್ದ ಕೆಲಸ ಅದು. ಅದನ್ನು ಸುಮ್ನೆ ತಳ್ಳಿಹಾಕದೆ ಗಮನಿಸಿ ಬರೆದರಲ್ವಾ, ಅದು ದೊಡ್ಡದು.

ಮುಂದೆ ಇಟಲಿಯ ಪಾಡುವಾದಲ್ಲಿ ಪಾಠ ಹೇಳಿದರು, ಅಲ್ಲಿನ ಸಸ್ಯೋದ್ಯಾನವನ್ನೂ ನೋಡಿಕೊಂಡರು. 1617ರಲ್ಲಿ ತೀರಿಕೊಂಡರು. ಕೆಮ್ಮಿಗೆ ನಾವು ಬಳಸುವ ದುಂಪರಾಸ್ಮೆ ಇದೆಯಲ್ಲ, ಅದರ ಕುಲದ ಹೆಸರು ಆಲ್ಪಿನಿಯಾ. ಅದು ಇವರದ್ದೇ ಹೆಸರು.